ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಕೊಳ್ಳುವುದು, ಹೋಲಿಸುವುದು, ಬಿಚ್ಚಿ ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಒಳ್ಳೆಯ ಹೆಡ್‌ಫೋನ್ ಇದೆ, ಅದನ್ನು ಬಿಚ್ಚಿ ಏನೇನೋ ಮಾಡ್ತೀನಿ ಅಂತ ಗೊತ್ತಾದ ಮೇಲೆ ಗೆಳೆಯರು, ಅವರ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆ ಕೊಟ್ಟ ಉತ್ತರಗಳನ್ನೇ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಉದಾಹರಣೆಗಳಲ್ಲಿ ಜಪಾನಿನ ಫಾಸ್ಟೆಕ್ಸ್ ಕಂಪನಿಯ ಹೆಸರು ಜಾಸ್ತಿ ಬರುತ್ತದೆ. ನಾನು ಹೆಚ್ಚು ಸಲ ಬಿಚ್ಚಿ ಜೋಡಿಸಿರುವುದು ಅವನ್ನೇ.

ಕ್ಲೋಸ್ಡ್ ಬ್ಯಾಕ್ ಅಂದರೆ ಏನು? ಓಪನ್ ಬ್ಯಾಕ್‌ಗಿಂತ ಹೇಗೆ ಬೇರೆ?

ಹೆಡ್‌ಫೋನ್ ಒಳಗಿನ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್, ಮುಂದಕ್ಕೂ ಹಿಂದಕ್ಕೂ ಅಲುಗುತ್ತದೆ. ಹಾಗಾಗಿ ಮುಂದೆ ಎಷ್ಟು ಸದ್ದು ಬರುತ್ತದೋ ಹಿಂದೆಯೂ ಅಷ್ಟೇ ಬರುತ್ತದೆ. ಓಪನ್ ಬ್ಯಾಕ್‌ನಲ್ಲಿ ಹಿಂದಿನ ಸದ್ದು ಜಾಲರಿಯಿಂದ ಹೊರಗೆ ಹೋಗಿಬಿಡುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಅದಕ್ಕೆ ದಾರಿಯಿಲ್ಲ. ಕಿವಿಯನ್ನು ಮುಚ್ಚುವ ಬಟ್ಟಲಿನ ಒಳಗೋಡೆಗೆ ಬಡಿದು ವಾಪಸ್ ಬರುತ್ತದೆ.

ಒಂದು ಖಾಲಿ ಹಿತ್ತಾಳೆ ಕೊಡ ತಗೊಳ್ಳಿ. ಅದರ ಬಾಯಿಗೆ ಮುಖ ಹತ್ತಿರ ತಂದು ಮಾತಾಡಿ. ಕೆಲವು ಸ್ವರಕ್ಕೆ ಕೊಡ ಗುಂಯ್ ಅನ್ನುತ್ತದೆ, ಕೆಲವಕ್ಕೆ ಸುಮ್ನಿರುತ್ತದೆ. ಹೆಡ್‌ಫೋನ್ ಬಟ್ಟಲೂ ಒಂದು ಪುಟ್ಟ ಕೊಡ. ಅದರ ಆಳ ಸುಮಾರು ಮೂರೂವರೆ ಸೆಂಟಿಮೀಟರ್ ಅಂದುಕೊಳ್ಳಿ. 5,000 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಸೆಂಟಿಮೀಟರ್. ಅರ್ಧ ಅಲೆ ಸರಿಯಾಗಿ ಬಟ್ಟಲೊಳಗೆ ಕೂತುಬಿಡುತ್ತದೆ, ಅಲ್ಲೇ ಗುಂಯ್‌ಗುಡಲು ಶುರುಮಾಡುತ್ತದೆ. ಹಾಡುವವರ 'ಸ', 'ಶ' ಚುಚ್ಚುವುದಕ್ಕೆ, ದನಿ ಡಬ್ಬದೊಳಗಿಂದ ಬಂದಂತೆ ಕೇಳುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ಈ ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಕ್ಲೋಸ್ಡ್ ಬ್ಯಾಕ್ ಕೊಳ್ಳುವಾಗ ನಾವು ಬರೀ ಡ್ರೈವರ್ ಕೊಳ್ಳುತ್ತಿಲ್ಲ. ಬಟ್ಟಲು, ಅದರೊಳಗಿನ ಗಾಳಿ, ಕಿವಿ ಸುತ್ತ ಕೂರುವ ಪ್ಯಾಡ್ ಎಲ್ಲ ಸೇರಿ ಒಂದು ವಾದ್ಯ.

ಹಾಗಾದರೆ ಲಕ್ಷಗಟ್ಟಲೆ ದುಡ್ಡು ಯಾವುದಕ್ಕೆ?

ಹಿಂದಿನ ಸದ್ದನ್ನು ಹೇಗೆ ಪಳಗಿಸುವುದು ಅನ್ನುವುದಕ್ಕೆ ಒಂದೊಂದು ಕಂಪನಿ ಒಂದೊಂದು ಉತ್ತರ ಹುಡುಕಿದೆ. ದುಡ್ಡಿನ ದೊಡ್ಡ ಪಾಲು ಅಲ್ಲಿಗೆ ಹೋಗುತ್ತದೆ.

ಸೋನಿ 1989ರಲ್ಲಿ ಎಂಡಿಆರ್-ಆರ್10 ತಂದಾಗ ಜಪಾನಿನ ಹಳೆಯ ಜೆಲ್ಕೋವಾ ಮರವನ್ನು ಕೆತ್ತಿ, ಒಳಗೆ ಎದುರುಬದುರು ಗೋಡೆ ಸಮಾನಾಂತರ ಬಾರದ ಹಾಗೆ ಬಟ್ಟಲು ಮಾಡಿತು. ಅದರ ಡ್ರೈವರ್‌ನ ಅಲುಗುವ ಪೊರೆ ಬಯೋ-ಸೆಲ್ಯುಲೋಸ್‌ದು. ಅಂದರೆ ಬ್ಯಾಕ್ಟೀರಿಯಾ ನೇಯ್ದ ನಾರು. ತೆಂಗಿನಕಾಯಿ ನೀರಿನಿಂದ ಮಾಡುವ ನಾಟಾ ಡಿ ಕೋಕೋ ಅನ್ನುವ ಮೆತ್ತನೆ ತಿನಿಸು ಇದೆಯಲ್ಲ, ಅದೂ ಇದೇ ವಸ್ತು. ತೆಳ್ಳಗೆ ಒಣಗಿಸಿದರೆ ಹಗುರ, ಆದರೂ ಬಿಗಿ. ಸ್ಪೀಕರ್ ಪೊರೆಗೆ ಬೇಕಾಗಿರುವುದು ಈ ಎರಡು ಗುಣಗಳೇ.

2016ರ ಎಂಡಿಆರ್-ಝಡ್1ಆರ್‌ನಲ್ಲಿ ಅದೇ ಸೋನಿ ಮರ ಬಿಟ್ಟು, ಕೆನಡಾದ ಮರದ ತಿರುಳಿನಿಂದ ಮಾಡಿದ ಕಾಗದದಂಥ ವಸ್ತುವನ್ನು ಬಟ್ಟಲಿಗೆ ಬಳಸಿತು. ಸದ್ದು ಅದರಲ್ಲಿ ಸೋಸಿ ಹೋಗಲಿ ಅನ್ನುವ ಲೆಕ್ಕ. ಸೆನ್‌ಹೈಸರ್ ಎಚ್‌ಡಿ 820 (2018) ಇನ್ನೂ ಬೇರೆ ಹಾದಿ. ಹಿಂದೆ ಒಳಬಾಗಿದ ಗಾಜು. ಅದು ಸದ್ದನ್ನು ಡ್ರೈವರ್‌ಗೆ ವಾಪಸ್ ಕಳಿಸದೆ ಪಕ್ಕಕ್ಕೆ ತಿರುಗಿಸುತ್ತದೆ, ಅಲ್ಲಿರುವ ಹೀರುವ ವಸ್ತು ಅದನ್ನು ನುಂಗುತ್ತದೆ. ಡ್ಯಾನ್ ಕ್ಲಾರ್ಕ್ ಆಡಿಯೋದ ಸ್ಟೆಲ್ತ್ (2021, ಆಗಿನ ಬೆಲೆ 3,999 ಡಾಲರ್) ಡ್ರೈವರ್‌ಗೂ ಕಿವಿಗೂ ನಡುವೆ ಒಂದು ಜೇನುಹುಟ್ಟಿನಂಥ ಬಿಲ್ಲೆ ಇಡುತ್ತದೆ. ಬೇರೆ ಬೇರೆ ಉದ್ದದ ಸಣ್ಣ ಸಣ್ಣ ಕೊಳವೆಗಳು. ಯಾವ ಸ್ವರ ಗುಂಯ್‌ಗುಡುತ್ತದೋ ಅದನ್ನು ಅದೇ ಅಳತೆಯ ಕೊಳವೆ ಹಿಡಿದುಕೊಳ್ಳುತ್ತದೆ. ಇದನ್ನು ಅವರು ಮೆಟಾಮೆಟೀರಿಯಲ್ ಅನ್ನುತ್ತಾರೆ.

ನನ್ನ ಅಭಿಪ್ರಾಯ: ಈ ಎಲ್ಲದರಲ್ಲಿ ಎಂಜಿನಿಯರಿಂಗ್ ದೃಷ್ಟಿಯಿಂದ ಸ್ಟೆಲ್ತ್ ದೊಡ್ಡ ಹೆಜ್ಜೆ. ಆದರೆ ಸಂಜೆ ಕೂತು ಕೇಳಬೇಕು ಅನ್ನಿಸಿದಾಗ ನನ್ನ ಕೈ ಹೋಗುವುದು ಮರದ ಬಟ್ಟಲಿನ ಕಡೆಗೇ.

ಫಾಸ್ಟೆಕ್ಸ್ ಟಿಎಚ್900 ಬಗ್ಗೆ ಇಷ್ಟು ಮಾತು ಯಾಕೆ?

ಅದು ಒಂಟಿ ಮಾಡೆಲ್ ಅಲ್ಲ, ಒಂದು ದೊಡ್ಡ ಕುಟುಂಬದ ಹಿರಿಯ. ಜಪಾನಿನ ಫಾಸ್ಟರ್ ಎಲೆಕ್ಟ್ರಿಕ್ ಬೇರೆ ಕಂಪನಿಗಳಿಗೂ ಹೆಡ್‌ಫೋನ್ ಮಾಡಿಕೊಡುತ್ತದೆ. ಫಾಸ್ಟೆಕ್ಸ್ ಅದರದೇ ಸ್ವಂತ ಹೆಸರು. ಡೆನಾನ್‌ನ ಹಳೆಯ ಎಎಚ್-ಡಿ2000, ಡಿ5000, ಡಿ7000 ಇದೇ ಬಳಗದವು. 2012ರ ಟಿಎಚ್900, ಆಮೇಲೆ ಬಂದ ಟಿಎಚ್-ಎಕ್ಸ್00, ಟಿಎಚ್610, ಇ-ಮು ಟೀಕ್ ಎಲ್ಲವೂ ಹತ್ತಿರದ ನೆಂಟರು. ಒಂದರ ಪ್ಯಾಡ್ ಇನ್ನೊಂದಕ್ಕೆ ಕೂರುತ್ತದೆ. ಎಷ್ಟೋ ಸಲ ಬಟ್ಟಲೂ ಕೂರುತ್ತದೆ. ಬಿಚ್ಚಿ ತಿದ್ದುವವರಿಗೆ ಇಷ್ಟು ಅನುಕೂಲ ಬೇರೆ ಕಡೆ ಸಿಗುವುದು ಕಷ್ಟ.

ಟಿಎಚ್900ದು 50 ಮಿಲಿಮೀಟರ್ ಡ್ರೈವರ್, 25 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ). ಅಯಸ್ಕಾಂತದ ಶಕ್ತಿ 1.5 ಟೆಸ್ಲಾ. ಬಟ್ಟಲಿಗೆ ಉರುಶಿ ಅನ್ನುವ ಜಪಾನಿ ಅರಗಿನ ಲೇಪ, ಕುಂಕುಮಕ್ಕಿಂತ ಗಾಢವಾದ ಕೆಂಪು. 2016ರ ಮಾರ್ಕ್ 2ರಲ್ಲಿ ಕೇಬಲ್ ಬಿಚ್ಚಿ ಹಾಕುವ ಹಾಗೆ ಮಾಡಿದರು. ದನಿ ಹೇಗೆ ಅಂದರೆ, ಕೆಳಗಿನ ಬಾಸ್ ತುಂಬಾ ಗಟ್ಟಿ, ಮೇಲಿನ ಟ್ರೆಬಲ್ ಜೋರು, ನಡುವಿನ ಹಾಡುವ ದನಿ ಒಂದು ಹೆಜ್ಜೆ ಹಿಂದೆ. ಮೃದಂಗದ ತೊಪ್ಪಿ (ಎಡಭಾಗ) ಅದರಲ್ಲಿ ಕೇಳುವಷ್ಟು ಚೆನ್ನಾಗಿ ನಾನು ಬೇರೆಲ್ಲೂ ಕೇಳಿಲ್ಲ. ಅದೇ ಕಛೇರಿಯಲ್ಲಿ ಪಿಟೀಲು ಸ್ವಲ್ಪ ಹರಿತ ಅನ್ನಿಸುತ್ತದೆ.

ಕ್ಲೋಸ್ಡ್ ಅಂದಮೇಲೆ ಹೊರಗಿನ ಸದ್ದು ಪೂರ್ತಿ ನಿಲ್ಲುತ್ತದೆ ಅಲ್ವಾ?

ಇಲ್ಲ. ಟಿಎಚ್900 ಕುಟುಂಬಕ್ಕೆ ಬಾಸ್ ಹೊಂದಿಸಲು ಬಟ್ಟಲಿನ ಅಂಚಿನಲ್ಲಿ ಗಾಳಿಗಿಂಡಿ ಇದೆ, ಅಲ್ಲಿಂದ ಸದ್ದು ಒಳಗೂ ಬರುತ್ತದೆ, ಹೊರಗೂ ಹೋಗುತ್ತದೆ. ಪಕ್ಕದ ಕೋಣೆಯ ಟಿವಿ ಮಂದವಾಗುತ್ತದೆ, ಅಡುಗೆಮನೆಯ ಮಿಕ್ಸಿ ಚೆನ್ನಾಗೇ ಕೇಳುತ್ತದೆ. ಮಗು ಮಲಗಿರುವ ಕೋಣೆಯಲ್ಲಿ ಕೇಳಲು ಪರವಾಗಿಲ್ಲ. ಬಸ್ಸಿಗೆ, ವಿಮಾನಕ್ಕೆ ಇದು ಬೇಡ. ಅದಕ್ಕೆ ನಾಯ್ಸ್ ಕ್ಯಾನ್ಸಲಿಂಗ್ ಇರುವ ಸಾಧಾರಣ ಬ್ಲೂಟೂತ್ ಹೆಡ್‌ಫೋನೇ ಸರಿ.

ಆಂಪ್ (ಆಂಪ್ಲಿಫೈಯರ್) ಬೇಕೇ ಬೇಕಾ?

ಲೆಕ್ಕ ಹಾಕಿ ನೋಡೋಣ. ಟಿಎಚ್900ಗೆ 1 ಮಿಲಿವ್ಯಾಟ್ ಕೊಟ್ಟರೆ 100 ಡೆಸಿಬಲ್ ಸದ್ದು. ಸಂಗೀತದ ಜೋರಾದ ಏಟಿಗೆ 110 ಡೆಸಿಬಲ್ ಬೇಕು ಅಂದುಕೊಂಡರೂ 10 ಮಿಲಿವ್ಯಾಟ್ ಸಾಕು. 25 ಓಮ್‌ಗೆ ಅದು ಅರ್ಧ ವೋಲ್ಟ್. ಫೋನಿಗೆ ಸಿಕ್ಕಿಸುವ ಒಳ್ಳೆಯ ಡಾಂಗಲ್ 1 ವೋಲ್ಟ್ ಕೊಡುತ್ತದೆ. ಅಲ್ಲಿಗೆ ಮುಗಿಯಿತು.

ಸ್ಟೆಲ್ತ್ ಹಾಗಲ್ಲ. ಅದು 23 ಓಮ್, 1 ಮಿಲಿವ್ಯಾಟ್‌ಗೆ ಸುಮಾರು 87 ಡೆಸಿಬಲ್. ಅದೇ 110 ಮುಟ್ಟಲು 200 ಮಿಲಿವ್ಯಾಟ್ ಬೇಕು, 2 ವೋಲ್ಟಿಗೂ ಜಾಸ್ತಿ. ಇಪ್ಪತ್ತು ಪಟ್ಟು ಹೆಚ್ಚು ಶಕ್ತಿ. ಅದಕ್ಕೆ ಆಂಪ್ ಬೇಕು.

ಓಮ್ ಕಡಿಮೆ ಇದ್ದರೆ ಓಡಿಸುವುದು ಸುಲಭ ಅನ್ನುವ ಮಾತು ಅರ್ಧ ಸತ್ಯ ಅಂತ ಇದರಿಂದ ಗೊತ್ತಾಗುತ್ತದೆ. ಎರಡಕ್ಕೂ ಓಮ್ ಹೆಚ್ಚುಕಡಿಮೆ ಒಂದೇ, ಆದರೆ ಹಸಿವು ಬೇರೆ. ಇನ್ನೊಂದು ವಿಷಯ: ಆಂಪಿನ ಔಟ್‌ಪುಟ್ ಇಂಪೀಡೆನ್ಸ್ (ಆಂಪಿನ ಒಳಗಿನದೇ ತಡೆ) ಹೆಡ್‌ಫೋನ್ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. 25 ಓಮ್‌ಗೆ ಅದು 3 ಓಮ್. ಹಳೆಯ ಸ್ಟೀರಿಯೋ ಆಂಪ್‌ಗಳ ಹೆಡ್‌ಫೋನ್ ತೂತಿನಲ್ಲಿ ಇದು ಎಷ್ಟೋ ಸಲ ನೂರಕ್ಕೂ ಜಾಸ್ತಿ ಇರುತ್ತದೆ. ಬಾಸ್ ಊದಿಕೊಂಡಂತೆ ಕೇಳಿದರೆ ಮೊದಲು ಅದನ್ನು ಅನುಮಾನಿಸಿ.

ಎರಡು ಹೆಡ್‌ಫೋನ್ ಹೋಲಿಸುವುದು ಹೇಗೆ?

ಮೊದಲು ಎರಡರ ಸದ್ದಿನ ಮಟ್ಟ ಒಂದೇ ಮಾಡಿಕೊಳ್ಳಿ. ಇದನ್ನು ಬಿಟ್ಟರೆ ಮಿಕ್ಕದ್ದೆಲ್ಲ ವ್ಯರ್ಥ. ಒಂದೇ ಒಂದು ಡೆಸಿಬಲ್ ಜೋರಾದರೂ ನಮ್ಮ ಕಿವಿ ಅದನ್ನು 'ಜೋರು' ಅನ್ನುವುದಿಲ್ಲ, 'ಚೆನ್ನಾಗಿದೆ' ಅನ್ನುತ್ತದೆ. ಅಂಗಡಿಯಲ್ಲಿ ಕೇಳಿ ಮೆಚ್ಚಿದ್ದು ಮನೆಗೆ ಬಂದ ಮೇಲೆ ಸಪ್ಪೆ ಅನ್ನಿಸುವುದಕ್ಕೆ ಇದು ದೊಡ್ಡ ಕಾರಣ.

ನಾನು ಮಾಡುವ ವಿಧಾನ ಹೀಗೆ. ದಪ್ಪ ರಟ್ಟಿನ ಮಧ್ಯೆ ಒಂದು ತೂತು. ಅದರಲ್ಲಿ ಒಂದು ಸಣ್ಣ ಮೈಕ್, ರಟ್ಟಿನ ಮಟ್ಟಕ್ಕೆ ಸರಿಯಾಗಿ. ಹೆಡ್‌ಫೋನನ್ನು ರಟ್ಟಿನ ಮೇಲೆ ಕವುಚಿ, ಪಿಂಕ್ ನಾಯ್ಸ್ (ಎಲ್ಲ ಸ್ವರವೂ ಬೆರೆತ ಶ್ ಅನ್ನುವ ಸದ್ದು) ಹಾಕಿ, ಆರ್‌ಇಡಬ್ಲ್ಯು ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮಟ್ಟ ನೋಡುತ್ತೇನೆ. ಎರಡನೆಯದಕ್ಕೂ ಹಾಗೇ. ವಾಲ್ಯೂಮ್ ಎಲ್ಲಿ ಬಂತು ಅಂತ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಈ ರಟ್ಟು ಕಿವಿಯಲ್ಲ, ನಿಜವಾದ ದನಿಯ ಆಕಾರ ಇದರಿಂದ ಸಿಗುವುದಿಲ್ಲ. ಆದರೆ ಎರಡರ ಮಟ್ಟ ಸಮ ಮಾಡಲು, ಎಡ ಬಲ ಒಂದೇ ಇದೆಯಾ ನೋಡಲು ಇಷ್ಟು ಸಾಕು.

ಆಮೇಲೆ ಏನು ಕೇಳಬೇಕು? ಎಲ್ಲರೂ ಇಂಗ್ಲಿಷ್ ಆಡಿಯೋಫೈಲ್ ಹಾಡುಗಳನ್ನೇ ಹೇಳುತ್ತಾರೆ. ಬೇಕಿಲ್ಲ. ನಮಗೆ ಹುಟ್ಟಿನಿಂದ ಗೊತ್ತಿರುವ ಸದ್ದುಗಳೇ ಒಳ್ಳೆಯ ಒರೆಗಲ್ಲು.

ತಂಬೂರಿಯಿಂದ ಶುರುಮಾಡಿ. ಜವಾರಿ (ತಂತಿ ಝೇಂಕರಿಸಲೆಂದು ಮಾಡುವ ಹೊಂದಿಕೆ) ಸರಿಯಾಗಿ ಕೂಡಿಸಿದ ತಂಬೂರಿಯಲ್ಲಿ ಒಂದು ತಂತಿಯಿಂದ ಹತ್ತಾರು ಸ್ವರ ಎಳೆಎಳೆಯಾಗಿ ಏಳುತ್ತವೆ. ಹೆಡ್‌ಫೋನ್‌ನಲ್ಲಿ ಯಾವುದಾದರೂ ಒಂದು ಸ್ವರ ಉಬ್ಬಿ ಕೇಳುತ್ತಿದ್ದರೆ ಆ ಒಂದು ಎಳೆ ಮಾತ್ರ ಮುಂದೆ ಬಂದು ಝೇಂಕರಿಸುತ್ತದೆ. ಐದು ನಿಮಿಷ ಬರೀ ಶ್ರುತಿ ಕೇಳಿದರೆ ಬಟ್ಟಲಿನ ಗುಂಯ್‌ಗುಡುವ ಜಾಗ ಸಿಕ್ಕಿಬಿಡುತ್ತದೆ. ಬಾಸ್‌ಗೆ ಮೃದಂಗದ ಎಡಭಾಗ. ಏಟು ಬಿದ್ದ ಮೇಲೆ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದನ್ನು ಗಮನಿಸಿ. ಎಷ್ಟು ಜೋರು ಅನ್ನುವುದು ಆಮೇಲೆ. ಟ್ರೆಬಲ್‌ಗೆ ಯಕ್ಷಗಾನದ ಚೆಂಡೆ. ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೋಲು ಚರ್ಮಕ್ಕೆ ಬೀಳುವುದು ಕೇಳುತ್ತದೆ, ಕೆಟ್ಟದ್ದರಲ್ಲಿ ತಗಡಿಗೆ ಬಿದ್ದಂತೆ ಕೇಳುತ್ತದೆ. ಕೊನೆಗೆ ಒಬ್ಬರು ಕನ್ನಡ ವಾರ್ತೆ ಓದುವುದನ್ನು ಕೇಳಿ. ಆಡುಮಾತಿನ ದನಿ ಸಹಜವಾಗಿಲ್ಲ ಅಂದರೆ ಅದು ಮರೆಮಾಚಲು ಆಗುವಂಥದ್ದಲ್ಲ.

ಬೇಗ ಬೇಗ ಬದಲಾಯಿಸಿ ಕೇಳುವುದರ ಜೊತೆಗೆ ಒಂದನ್ನೇ ಮೂರು ದಿನ ಹಾಕಿಕೊಂಡು, ನಾಲ್ಕನೇ ದಿನ ಇನ್ನೊಂದಕ್ಕೆ ಹೋಗಿ. ಮೊದಲ ಹತ್ತು ನಿಮಿಷದಲ್ಲಿ ಏನು ತಪ್ಪು ಅನ್ನಿಸಿತು ಅಂತ ತಕ್ಷಣ ಬರೆದಿಡಿ. ಅರ್ಧ ಗಂಟೆಯಲ್ಲಿ ಕಿವಿ ಹೊಂದಿಕೊಂಡುಬಿಡುತ್ತದೆ.

ತೂಕವನ್ನೂ ಹೋಲಿಸಿ. ಎಚ್‌ಡಿ 820 ಸುಮಾರು 360 ಗ್ರಾಂ, ಫೋಕಲ್ ಸ್ಟೆಲಿಯಾ 435 ಗ್ರಾಂ, ಆಡೀಝ್ ಎಲ್‌ಸಿಡಿ-ಎಕ್ಸ್‌ಸಿ ಅರ್ಧ ಕಿಲೋಗಿಂತ ಎಷ್ಟೋ ಜಾಸ್ತಿ. ಅಂಗಡಿಯ ಹತ್ತು ನಿಮಿಷದಲ್ಲಿ ಕುತ್ತಿಗೆ ಏನೂ ಹೇಳುವುದಿಲ್ಲ. ಎರಡು ಗಂಟೆಯ ಕಛೇರಿ ಕೇಳುವಾಗ ಹೇಳುತ್ತದೆ.

ಗ್ರಾಫ್ ನೋಡಿ ಕೊಳ್ಳಬಹುದಾ?

ಗ್ರಾಫ್ ಅಂದರೆ ಯಾವ ಸ್ವರ ಎಷ್ಟು ಜೋರು ಅಂತ ಅಳೆದು ಬರೆದ ರೇಖೆ. ಬೇಡದ್ದನ್ನು ಬಿಡಲು ಅದು ಸಾಕು, ಬೇಕಾದ್ದನ್ನು ಆರಿಸಲು ಸಾಲದು. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಎಷ್ಟೋ ಕೇಳುಗರನ್ನು ಕೂರಿಸಿ, ಹೆಚ್ಚು ಜನಕ್ಕೆ ಇಷ್ಟವಾಗುವ ದನಿಯ ರೇಖೆಯೊಂದನ್ನು ಹುಡುಕಿದರು. ಅದೇ ಹಾರ್ಮನ್ ಟಾರ್ಗೆಟ್. ಸ್ಟೆಲ್ತ್ ಅದಕ್ಕೆ ತುಂಬಾ ಹತ್ತಿರ, ಟಿಎಚ್900 ದೂರ. ಆದರೂ ಟಿಎಚ್900 ಪ್ರೀತಿಸುವವರು ಬೇಕಾದಷ್ಟಿದ್ದಾರೆ, ನಾನೂ ಒಬ್ಬ. ಕ್ಲೋಸ್ಡ್ ಬ್ಯಾಕ್ ಗ್ರಾಫ್ ಓದುವಾಗ ಒಂದು ಎಚ್ಚರ: ಅಳೆಯುವ ಯಂತ್ರದ ರಬ್ಬರ್ ಕಿವಿಗೆ ಪ್ಯಾಡ್ ಗಾಳಿಯಾಡದಂತೆ ಕೂರುತ್ತದೆ. ನಿಮ್ಮ ಕೆನ್ನೆಗೆ ಹಾಗೆ ಕೂರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಕನ್ನಡಕ ಹಾಕುತ್ತೇನೆ. ತೊಂದರೆ ಆಗುತ್ತಾ?

ಆಗುತ್ತದೆ, ಮತ್ತು ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದರೆ ಅಲ್ಲೊಂದು ಸಂದಿ. ಆ ಸಂದಿಯಲ್ಲಿ ಮೊದಲು ಸೋರಿ ಹೋಗುವುದು ಬಾಸ್. ದೊಡ್ಡ ಓಲೆ, ಜುಮುಕಿ, ದಪ್ಪ ಜಡೆ, ಗಡ್ಡ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಪರೀಕ್ಷೆ ಸುಲಭ: ಹಾಡು ನಡೆಯುತ್ತಿರುವಾಗ ಕನ್ನಡಕ ತೆಗೆಯಿರಿ. ಬಾಸ್ ತಟ್ಟನೆ ತುಂಬಿಕೊಂಡರೆ ನಿಮ್ಮ ಹೆಡ್‌ಫೋನ್‌ನಲ್ಲಿ ದೋಷವಿಲ್ಲ. ತೆಳ್ಳಗಿನ ಕಡ್ಡಿಯ ಕನ್ನಡಕ, ಮೆತ್ತಗಿನ ದಪ್ಪ ಪ್ಯಾಡ್, ಇವೆರಡರಿಂದ ಅರ್ಧಕ್ಕರ್ಧ ಸರಿಹೋಗುತ್ತದೆ.

ಎಣ್ಣೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಹೆಡ್‌ಫೋನ್ ಹಾಕಬೇಡಿ. ಪ್ಯಾಡಿನ ಮೇಲಿನ ಕೃತಕ ಚರ್ಮ ಎಣ್ಣೆ ಕುಡಿದು ಬಿರುಸಾಗುತ್ತದೆ, ಆಮೇಲೆ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ.

ಪ್ಯಾಡ್ ಬದಲಾಯಿಸಿದರೆ ದನಿ ಅಷ್ಟೊಂದು ಬದಲಾಗುತ್ತಾ?

ಆಂಪ್ ಬದಲಾಯಿಸಿದ್ದಕ್ಕಿಂತ, ಕೇಬಲ್ ಬದಲಾಯಿಸಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಮೊದಲು ಇಲ್ಲಿ ಮಾಡಿ.

ಪ್ಯಾಡ್ ಮೂರು ಕೆಲಸ ಮಾಡುತ್ತದೆ. ಕಿವಿಯನ್ನು ಡ್ರೈವರ್‌ನಿಂದ ಎಷ್ಟು ದೂರ ಇಡಬೇಕು ಅಂತ ತೀರ್ಮಾನಿಸುತ್ತದೆ. ಕಿವಿಯ ಮುಂದೆ ಎಷ್ಟು ಗಾಳಿ ಇರಬೇಕು ಅಂತ ತೀರ್ಮಾನಿಸುತ್ತದೆ. ಆ ಗಾಳಿ ಎಷ್ಟು ಸೋರಬೇಕು ಅಂತಲೂ ಅದೇ ತೀರ್ಮಾನಿಸುತ್ತದೆ. ಚರ್ಮದ್ದು ಸೋರುವುದಿಲ್ಲ, ಬಾಸ್ ಗಟ್ಟಿ. ವೆಲ್ವೆಟ್ ಬಟ್ಟೆಯದು ಸೋರುತ್ತದೆ, ಬಾಸ್ ತೆಳು, ಆದರೆ ಸೆಕೆಯಲ್ಲಿ ಹಾಯ್. ಒಳಗೋಡೆಗೆ ಸಣ್ಣ ತೂತುಗಳಿರುವ ಪ್ಯಾಡ್ ಒಳಗಿನ ಸ್ಪಂಜಿಗೆ ಸದ್ದು ಹೀರಲು ಬಿಡುತ್ತದೆ, ಟ್ರೆಬಲ್‌ನ ಮೊನೆ ಸ್ವಲ್ಪ ಮೊಂಡಾಗುತ್ತದೆ. ಟಿಎಚ್900ಗೆ ತುಸು ದಪ್ಪದ, ಹಿಂಭಾಗ ಎತ್ತರವಿರುವ ಕುರಿಚರ್ಮದ ಪ್ಯಾಡ್ ಹಾಕಿದಾಗ ಹಾಡುವ ದನಿ ಆ ಹಿಂದಿನ ಹೆಜ್ಜೆಯಿಂದ ಮುಂದೆ ಬಂತು. ನನಗೆ ಅಲ್ಲಿಗೆ ಸಮಾಧಾನವಾಯಿತು.

ಹಳೆಯ ಪ್ಯಾಡ್ ಎಸೆಯಬೇಡಿ. ಒಂದು ಕವರಿನಲ್ಲಿ ಹಾಕಿ ಹೆಸರು ಬರೆದಿಡಿ.

ಮಾಡ್ (ಬಿಚ್ಚಿ ತಿದ್ದುವುದು) ಮಾಡುವುದನ್ನು ಕಲಿಯಬೇಕು. ಎಲ್ಲಿಂದ ಶುರು ಮಾಡಲಿ?

ದುಬಾರಿಯದರಿಂದ ಖಂಡಿತ ಬೇಡ. ಫಾಸ್ಟೆಕ್ಸ್ ಟಿ50ಆರ್‌ಪಿ ತಗೊಳ್ಳಿ. ಸ್ಟುಡಿಯೋಗಳಿಗೆ ಅಂತ ಮಾಡಿದ ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನ್ ಇದು. ಬಿಚ್ಚುವುದು ಸುಲಭ, ಬಿಡಿಭಾಗ ಗಟ್ಟಿ, ಬೆಲೆ ದುಬಾರಿಯವುಗಳಿಗಿಂತ ಎಷ್ಟೋ ಕಡಿಮೆ. ಪ್ಯಾಡ್ ತೆಗೆದರೆ ಸ್ಕ್ರೂ, ಸ್ಕ್ರೂ ತೆಗೆದರೆ ಬಟ್ಟಲು ಬೇರೆ. ಈಗಿನ ಡ್ಯಾನ್ ಕ್ಲಾರ್ಕ್ ಆಡಿಯೋ 2019ರವರೆಗೆ ಮಿಸ್ಟರ್‌ಸ್ಪೀಕರ್ಸ್ ಅನ್ನುವ ಹೆಸರಲ್ಲಿತ್ತು. ಅವರು ಶುರುಮಾಡಿದ್ದೇ ಈ ಟಿ50ಆರ್‌ಪಿಯನ್ನು ತಿದ್ದಿ ಮಾರುವುದರಿಂದ. ಷಿಕಾಗೋದ ಝಡ್‌ಎಂಎಫ್ ಕಂಪನಿ ಕೂಡ ಹಾಗೇ. ಅವರಿಬ್ಬರ ದೊಡ್ಡ ಹೆಡ್‌ಫೋನ್‌ಗಳ ಬೇರು ಈ ಕಪ್ಪು ಪ್ಲಾಸ್ಟಿಕ್ ಬಟ್ಟಲಿನಲ್ಲಿದೆ.

ಮೊದಲ ಪಾಠ ತೂಕ. ಮೃದಂಗದವರು ಕಛೇರಿಗೆ ಮುಂಚೆ ತೊಪ್ಪಿಗೆ ರವೆ ಕಲಸಿ ಮೆತ್ತುವುದನ್ನು ನೋಡಿದ್ದೀರಲ್ಲ. ಚರ್ಮಕ್ಕೆ ಭಾರ ಸೇರಿ ನಾದ ಕೆಳಗಿಳಿಯುತ್ತದೆ. ಇಲ್ಲೂ ಅದೇ ಲೆಕ್ಕ, ಒಂದು ವ್ಯತ್ಯಾಸದೊಂದಿಗೆ. ಭಾರ ಹಾಕುವುದು ನುಡಿಯುವ ಪೊರೆಗಲ್ಲ, ಅದನ್ನು ಹಿಡಿದ ಪ್ಲಾಸ್ಟಿಕ್ ಹಲಗೆಗೆ. ತೆಳು ಪ್ಲಾಸ್ಟಿಕ್ ಡ್ರೈವರ್ ಜೊತೆ ತಾನೂ ನಡುಗುತ್ತಿರುತ್ತದೆ. ಮಕ್ಕಳು ಆಡುವ ಪ್ಲಾಸ್ಟಿಸಿನ್ ಜೇಡಿಯನ್ನು ಡ್ರೈವರ್ ಸುತ್ತಲಿನ ಖಾಲಿ ಜಾಗಕ್ಕೆ ಮೆತ್ತಿದರೆ ಆ ನಡುಕ ನಿಲ್ಲುತ್ತದೆ.

ನಾನು ಸಣ್ಣ ತಕ್ಕಡಿಯಲ್ಲಿ 5 ಗ್ರಾಂ ಉಂಡೆ ಮಾಡಿ, ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಹೋದೆ. ಬೆರಳಿನಿಂದ ಒತ್ತಿ ಒತ್ತಿ ಮೂಲೆಗೆ ತುಂಬಬೇಕು, ತೂತು ಮಾತ್ರ ಮುಚ್ಚಬಾರದು. ಪ್ರತಿ ಉಂಡೆಯ ನಂತರ ಮುಚ್ಚಿ, ಸ್ಕ್ರೂ ಹಾಕಿ, ಬೆರಳ ಗೆಣ್ಣಿನಿಂದ ಬಟ್ಟಲನ್ನು ತಟ್ಟಿ ನೋಡಿದೆ. ಮೊದಲು ಖಾಲಿ ಡಬ್ಬದ 'ಟಕ್' ಇತ್ತು. ಆಮೇಲಾಮೇಲೆ ಬಾಗಿಲು ತಟ್ಟಿದಂಥ 'ಧಪ್' ಆಯಿತು. ಅವತ್ತು ಮಡಿಕೆ ಕೊಳ್ಳುವಾಗ ಅಜ್ಜಿ ಯಾಕೆ ಒಂದೊಂದನ್ನೂ ತಟ್ಟುತ್ತಿದ್ದರು ಅನ್ನುವುದು ಚೆನ್ನಾಗಿ ಅರ್ಥವಾಯಿತು.

ಎರಡನೇ ಪಾಠ ಬಟ್ಟಲಿನೊಳಗೆ ಹೀರುವ ವಸ್ತು. ಉಣ್ಣೆಯ ಫೆಲ್ಟ್, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ, ಶುದ್ಧ ಅರಳೆ, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಗಾಜಿನ ನಾರು ಬೇಡ, ಅದರ ಧೂಳು ಕಿವಿಗೂ ಶ್ವಾಸಕ್ಕೂ ಕೆಟ್ಟದ್ದು. ಹತ್ತಿಯನ್ನು ಬಿಡಿಸಿ, ಕೈಯಲ್ಲಿ ಹಿಡಿದರೆ ಆ ಕಡೆ ಬೆಳಕು ಕಾಣುವಷ್ಟು ಸಡಿಲವಾಗಿ ಇಡಿ. ನನ್ನ ಮೊದಲ ಪ್ರಯತ್ನದಲ್ಲಿ ಗಟ್ಟಿಯಾಗಿ ತುಂಬಿದ್ದೆ. ಬಾಸ್ ಸೊರಗಿ, ಹಾಡುವವರು ಕಂಬಳಿ ಹೊದ್ದು ಹಾಡಿದಂತೆ ಕೇಳಿತು. ಅರ್ಧ ತೆಗೆದೆ, ಉಸಿರು ಬಂತು. ಇನ್ನೂ ಸ್ವಲ್ಪ ತೆಗೆದೆ, ಸರಿಹೋಯಿತು.

ಮೂರನೆಯದು ಗಾಳಿಗಿಂಡಿ. ಟಿ50ಆರ್‌ಪಿಯ ಬಟ್ಟಲಲ್ಲಿ ಉದ್ದನೆಯ ಸಂದಿಗಳಿವೆ. ಕಾಗದದ ಟೇಪಿನಿಂದ ಅರ್ಧ ಮುಚ್ಚಿ ಕೇಳಿ, ಪೂರ್ತಿ ಮುಚ್ಚಿ ಕೇಳಿ. ಒಂದು ಬೆರಳಗಲ ಟೇಪು ಬಾಸನ್ನು ಎಷ್ಟು ಅಲ್ಲಾಡಿಸುತ್ತದೆ ಅಂತ ಕೇಳಿದಾಗ ನನಗೆ ಈ ಹವ್ಯಾಸ ಹಿಡಿದುಬಿಟ್ಟಿತು.

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಫೋಟೋ ತೆಗೆಯಿರಿ.

ಬಿಚ್ಚುವಾಗ ಯಾವುದಕ್ಕೆ ಹೆದರಬೇಕು?

ಅಯಸ್ಕಾಂತಕ್ಕೆ. ತೆರೆದ ಡ್ರೈವರ್ ಹತ್ತಿರ ಕಬ್ಬಿಣದ ಸ್ಕ್ರೂಡ್ರೈವರ್ ಹೋದರೆ ಕೈ ಜಾರಿಸಿ ಎಳೆದುಕೊಳ್ಳುತ್ತದೆ. ಅದರ ಮೊನೆ ಪೊರೆಗೆ ತಗುಲಿದರೆ ಆ ಡ್ರೈವರ್ ಮುಗಿದಂತೆ. ಬಿಚ್ಚಿದ ಕೂಡಲೇ ಡ್ರೈವರ್ ಮೇಲೆ ಒಂದು ರಟ್ಟು ಇಡುವ ಅಭ್ಯಾಸ ಮಾಡಿಕೊಳ್ಳಿ. ಸ್ಕ್ರೂಗಳನ್ನು ದೂರದ ಬಟ್ಟಲಲ್ಲಿ ಹಾಕಿ. ಮೇಜಿನ ಮೇಲೆ ಹಳೆಯ ಲೋಹದ ಪುಡಿ ಇಲ್ಲದಂತೆ ಒರೆಸಿ. ಒಳಗಿನ ವೈರು ಕೂದಲಿನಷ್ಟು ತೆಳ್ಳಗಿರುತ್ತದೆ, ಬಟ್ಟಲನ್ನು ಎಳೆಯದೆ ನಿಧಾನ ಓರೆ ಮಾಡಿ. ಬೆಸುಗೆ ಹಾಕಬೇಕಾದರೆ ಎರಡು ಸೆಕೆಂಡಿನಲ್ಲಿ ಮುಗಿಸಿ. ಕಾವು ಜಾಸ್ತಿಯಾದರೆ ಪ್ಲಾಸ್ಟಿಕ್ ಕರಗುತ್ತದೆ.

ಟಿಎಚ್900 ಅನ್ನೇ ಬಿಚ್ಚಬಹುದಾ?

ಬಿಚ್ಚಬಹುದು. ಪ್ಯಾಡ್ ತಿರುಗಿಸಿದರೆ ಕಳಚಿಕೊಳ್ಳುತ್ತದೆ, ಕೆಳಗೆ ಸ್ಕ್ರೂಗಳು, ಅವನ್ನು ತೆಗೆದರೆ ಮರದ ಬಟ್ಟಲು ಕೈಗೆ ಬರುತ್ತದೆ. ಪ್ಯಾಡಿನ ಪ್ಲಾಸ್ಟಿಕ್ ಕಿವಿಗಳು ಸಣ್ಣವು, ಬಲ ಹಾಕಿ ತಿರುಗಿಸಬೇಡಿ. ನಾನು ಇದರಲ್ಲಿ ಮಾಡಿದ್ದು ಎರಡೇ ಕೆಲಸ. ಪ್ಯಾಡ್ ಬದಲಾಯಿಸಿದೆ, ಬಟ್ಟಲಿನ ತಳಕ್ಕೆ ಅಂಟಿಲ್ಲದ ತೆಳು ಫೆಲ್ಟ್ ಬಿಲ್ಲೆ ಕೂರಿಸಿದೆ. ಮರಕ್ಕೆ, ಅರಗಿಗೆ ಅಂಟು ತಾಗಿಸಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬ ಕುಶಲಕರ್ಮಿ ಪದರ ಪದರವಾಗಿ ಬಳಿದು ಒಣಗಿಸಿದ್ದದು.

ಒಳ್ಳೆಯ ಕೇಬಲ್ ಹಾಕಿದರೆ?

0.2 ಓಮ್ ಕೇಬಲ್ 25 ಓಮ್ ಹೆಡ್‌ಫೋನ್‌ನಲ್ಲಿ ಮಾಡುವ ವ್ಯತ್ಯಾಸ 0.07 ಡೆಸಿಬಲ್. ಕಿವಿಗೆ ಕೇಳುವುದಿಲ್ಲ. ಉದ್ದ ಸರಿಯಿರಲಿ, ಹಗುರ ಇರಲಿ, ಅಂಗಿಗೆ ಉಜ್ಜಿದಾಗ ಕಿವಿಯಲ್ಲಿ ಸರಪರ ಅನ್ನದಿರಲಿ. ಅದಕ್ಕಾಗಿ ಬದಲಾಯಿಸಿ.

ಈಕ್ವಲೈಜರ್ ಇರುವಾಗ ಇಷ್ಟೆಲ್ಲ ಬಿಚ್ಚುವುದು ಯಾಕೆ?

ಒಳ್ಳೆಯ ಪ್ರಶ್ನೆ. ಬಾಸ್ ಸ್ವಲ್ಪ ಇಳಿಸುವುದು, ಹಾಡುವ ದನಿ ಎತ್ತುವುದು, ಇಂಥದ್ದಕ್ಕೆ ಈಕ್ವಲೈಜರೇ ಸಾಕು. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಇವೆ. ಮೊದಲು ಅವನ್ನೇ ಪ್ರಯತ್ನಿಸಿ, ಖರ್ಚಿಲ್ಲ. ಆದರೆ ಸೋರುವ ಪ್ಯಾಡನ್ನು ಈಕ್ವಲೈಜರ್ ಮುಚ್ಚುವುದಿಲ್ಲ. ನಡುಗುವ ಪ್ಲಾಸ್ಟಿಕ್ಕನ್ನು ಹಿಡಿದು ನಿಲ್ಲಿಸುವುದಿಲ್ಲ. 8,000 ಹರ್ಟ್ಸ್‌ನಿಂದ ಮೇಲಿನ ಚೂಪು ಶಿಖರಗಳು ಹೆಡ್‌ಫೋನ್ ಒಂದಿಷ್ಟು ಜರುಗಿದರೂ ಜಾಗ ಬದಲಾಯಿಸುತ್ತವೆ, ಅವನ್ನು ಗ್ರಾಫ್ ನೋಡಿ ಕತ್ತರಿಸಲು ಹೋಗಬೇಡಿ. ನಾನು ಮೊದಲು ಕೈಯಿಂದ ಸರಿಮಾಡುತ್ತೇನೆ, ಉಳಿದದ್ದನ್ನು ಈಕ್ವಲೈಜರ್‌ಗೆ ಬಿಡುತ್ತೇನೆ.

ನೂರಾರು ಗಂಟೆ ಓಡಿಸಿದರೆ ದನಿ ಪಳಗುತ್ತದೆ ಅನ್ನುತ್ತಾರಲ್ಲ?

ಪ್ಯಾಡ್ ಮೆತ್ತಗಾಗಿ ಕೆನ್ನೆಗೆ ಕೂರುತ್ತದೆ, ಕಿವಿ ಹೊಂದಿಕೊಳ್ಳುತ್ತದೆ. ನನಗೆ ಕೇಳಿಸಿದ ಬದಲಾವಣೆಯೆಲ್ಲ ಇವೆರಡರಿಂದಲೇ. ರಾತ್ರಿಯಿಡೀ ಸುಮ್ನೆ ಓಡಿಸಿಡುವ ಅಗತ್ಯ ಕಂಡಿಲ್ಲ.

ನಮ್ಮ ಹವೆಯಲ್ಲಿ ಇವನ್ನು ಕಾಪಾಡುವುದು ಹೇಗೆ?

ಬೆಂಗಳೂರಿನಲ್ಲಿ ಅಷ್ಟು ಕಷ್ಟವಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಎಚ್ಚರ ಇರಬೇಕು. ಒಂದು ಜೂನ್‌ನಲ್ಲಿ ಊರಿಗೆ ಒಯ್ದು ಪೆಟ್ಟಿಗೆಯಲ್ಲೇ ಇಟ್ಟು ಮರೆತಿದ್ದೆ. ಆಗಸ್ಟ್‌ನಲ್ಲಿ ತೆಗೆದರೆ ಪ್ಯಾಡಿನ ಮಡಿಕೆಯಲ್ಲಿ ಬೂದಿ ಬಣ್ಣದ ಬೂಷ್ಟು. ಒರೆಸಿದರೂ ವಾಸನೆ ಹೋಗಲಿಲ್ಲ, ಪ್ಯಾಡ್ ಬದಲಾಯಿಸಬೇಕಾಯಿತು. ಈಗ ಕ್ಯಾಮೆರಾದವರು ಬಳಸುವಂಥ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಮರದ ಬಟ್ಟಲು ಇದ್ದರೆ ತೀರಾ ಒಣಗಿಸುವುದೂ ಬೇಡ, ತೇವ 45ರಿಂದ 55 ಪರ್ಸೆಂಟ್ ಇದ್ದರೆ ಸಾಕು. ಅದನ್ನು ತೋರಿಸುವ ಸಣ್ಣ ಮೀಟರ್ ಡಬ್ಬದೊಳಗೇ ಇರಲಿ.

ಕೇಳಿದ ಮೇಲೆ ಪ್ಯಾಡನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಒಳಗಿಡಿ. ಉರುಶಿ ಅರಗಿಗೆ ಬಿಸಿಲು ಆಗುವುದಿಲ್ಲ, ಹೊಳಪು ಕಳೆದುಕೊಳ್ಳುತ್ತದೆ. ಕಿಟಕಿ ಪಕ್ಕದ ಸ್ಟ್ಯಾಂಡ್ ನೋಡಲು ಚೆಂದ, ಹೆಡ್‌ಫೋನ್‌ಗೆ ಒಳ್ಳೆಯದಲ್ಲ.

ಎಷ್ಟು ಜೋರಾಗಿ ಕೇಳಬಹುದು?

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ: ದೊಡ್ಡವರಿಗೆ 80 ಡೆಸಿಬಲ್, ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ ಮಾಡಿ. 89 ಡೆಸಿಬಲ್‌ಗೆ ವಾರಕ್ಕೆ 5 ಗಂಟೆ ಮಾತ್ರ. ಬಾಸ್ ಗಟ್ಟಿಯಿದ್ದು ದನಿ ಸ್ವಚ್ಛವಾಗಿದ್ದರೆ ಜೋರಾಗಿರುವುದು ಗೊತ್ತೇ ಆಗುವುದಿಲ್ಲ, ದುಬಾರಿ ಹೆಡ್‌ಫೋನ್‌ನ ಅಪಾಯ ಇದು. ಕಿವಿ ಹಾಳಾದರೆ ಬದಲಾಯಿಸಲು ಪ್ಯಾಡ್ ಅಲ್ಲ. ದಯವಿಟ್ಟು ಇದೊಂದನ್ನು ಕೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ? ಮಾಡ್ ಮಾಡಿದ್ದನ್ನು ಮಾರಬಹುದಾ?

ಎರಡೂ ಮಾಡಬಹುದು. ಕೊಳ್ಳುವಾಗ ಮೋನೋ (ಎರಡೂ ಕಿವಿಗೆ ಒಂದೇ ಸದ್ದು ಬರುವ) ಹಾಡು ಹಾಕಿ, ದನಿ ಸರಿಯಾಗಿ ತಲೆಯ ನಡುವೆ ನಿಲ್ಲುತ್ತದಾ ನೋಡಿ. ಒಂದು ಕಡೆ ವಾಲಿದರೆ ಹೆಡ್‌ಫೋನ್ ತಿರುಗಿಸಿ ಹಾಕಿ. ವಾಲಿದ ಕಡೆ ಬದಲಾದರೆ ದೋಷ ಹೆಡ್‌ಫೋನ್‌ದು ಅಥವಾ ಆಂಪ್‌ದು, ಬದಲಾಗದಿದ್ದರೆ ನಿಮ್ಮ ಕಿವಿಯದು. ಆಮೇಲೆ 20 ಹರ್ಟ್ಸ್‌ನಿಂದ 200ರವರೆಗೆ ನಿಧಾನವಾಗಿ ಏರುವ ಸ್ವರ ಹಾಕಿ ಕೇಳಿ. ಎಲ್ಲಾದರೂ ಚರಚರ ಅಂದರೆ ಪೊರೆಗೆ ಕೂದಲು ತಗುಲಿದೆ, ಇಲ್ಲವೇ ಸ್ಕ್ರೂ ಸಡಿಲವಾಗಿದೆ. ಕೇಬಲ್ಲಿನ ಬುಡವನ್ನು ಅಲ್ಲಾಡಿಸಿ ನೋಡಿ. ಪ್ಯಾಡ್ ಹರಿದಿದ್ದರೆ ಚಿಂತೆಯಿಲ್ಲ, ಅದರ ಬೆಲೆ ಕಳೆದು ಚೌಕಾಸಿ ಮಾಡಿ.

ಮಾರುವಾಗ ಏನೇನು ಮಾಡಿದ್ದೀರಿ ಅಂತ ಪೂರ್ತಿ ಹೇಳಿ. ನಾನು ನನ್ನ ಟಿ50ಆರ್‌ಪಿ ಮಾರಿದಾಗ ಹಳೆಯ ಪ್ಯಾಡ್, ತೆಗೆದಿಟ್ಟ ಫೆಲ್ಟ್, ಎಷ್ಟು ಗ್ರಾಂ ಜೇಡಿ ಎಲ್ಲಿ ಹಾಕಿದ್ದೇನೆ ಅಂತ ಬರೆದ ನೋಟ್‌ಬುಕ್ಕಿನ ನಾಲ್ಕು ಹಾಳೆ, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟೆ. ತಗೊಂಡ ಹುಡುಗ ಹದಿನೈದು ದಿನ ಬಿಟ್ಟು ಫೋನ್ ಮಾಡಿದ. ಜೇಡಿಯಲ್ಲಿ ಮೂರು ಗ್ರಾಂ ತೆಗೆದಿದ್ದನಂತೆ.